ಎರಡು ಮಂಕರಿ ಮಟ್ಟಿ

ಬಸವನಗುಡಿಯ ಆ ಅಡ್ಡರಸ್ತೆಯ ಗೇಟಿಗೆ ತಗುಲಿಸಿದ್ದ ಬೋರ್ಡನ್ನು ಯಶೋಧರಾ ಓದುವುದು ಬಿಟ್ಟು ಎಷ್ಟೋ ದಿನವಾಗಿತ್ತು. ‘ನವೀಕರಣದ ಪ್ರಯುಕ್ತ ಕ್ರೀಡಾ ಚರಿತ್ರೆ ಸಂಗ್ರಹಾಲಯವನ್ನು ಆರು ತಿಂಗಳ ಕಾಲ ಮುಚ್ಚಲಾಗಿದೆ. ಸಾರ್ವಜನಿಕರು ಸಹಕರಿಸಬೇಕು.’ ಬೋರ್ಡು ಹಾಕಿ ಎಂಟು ವರ್ಷ. ಆ ವರ್ಷ ಹುಟ್ಟಿದ ಮಕ್ಕಳು ಈಗ ಮೂರನೇ ಕ್ಲಾಸಿನಲ್ಲಿ ಮಗ್ಗಿ ಒಪ್ಪಿಸುತ್ತಿವೆ. ಒಳಗೆ ಏನಾಗಿದೆಯೋ ದೇವರೇ ಬಲ್ಲ, ಹೊರಗಿನ ಕಾಂಪೌಂಡಿಗೆ ಮಾತ್ರ ಮೂರು ಸಲ ಬಣ್ಣ ಬಿದ್ದಿದೆ. ಮೊದಲು ಹಳದಿ, ಆಮೇಲೆ ಬೂದು, ಈಗ ಮತ್ತೆ ಹಳದಿ.

‘ಸಹಕರಿಸಬೇಕು’ ಅನ್ನುವ ಮಾತು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಯಾಕೆಂದರೆ ಅವಳೂ ಮೂವತ್ತೊಂದು ವರ್ಷದಿಂದ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕಿ. ಇಂಥ ಬೋರ್ಡುಗಳ ಒಕ್ಕಣೆಯನ್ನು ತನ್ನ ಕೈಯಾರೆ ಬರೆದುಕೊಟ್ಟವಳು. ಅದರ ಹಿಂದೆ ಏನೂ ಇರುವುದಿಲ್ಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಒಂದು ಹಿಡಿ ಮಣ್ಣು. ಅಷ್ಟೇ.

ಅವಳ ಅಪ್ಪ ಓಬಳಪ್ಪ ಚಾಮರಾಜಪೇಟೆಯಲ್ಲಿ ಉಸ್ತಾದ್ ಅಂತಲೇ ಹೆಸರಾದವರು. ಅವರ ಕೇರಿಯ ಗರಡಿಮನೆ ಅವರ ಅಪ್ಪನ ಕಾಲದ್ದು. ಆಂಜನೇಯನ ಪಟದ ಪಕ್ಕದಲ್ಲಿ ಬಾಬಾಸಾಹೇಬರ ಫೋಟೋ, ನೆಲದಲ್ಲಿ ಸೊಂಟದುದ್ದ ಕೆಂಪು ಮಣ್ಣು. ಆ ಮಣ್ಣಿಗೆ ಕುಸ್ತಿಯವರು ಮಟ್ಟಿ ಅನ್ನುತ್ತಾರೆ. ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ, ನಿಂಬೆರಸ ಕುಡಿದು, ಮೂರು ತಲೆಮಾರಿನ ಬೆವರೂ ಕುಡಿದು, ಅದು ಬೆಣ್ಣೆಯ ಹಾಗೆ ಆಗಿತ್ತು. ರಸ್ತೆ ಅಗಲ ಮಾಡುವವರು ಬಂದು ಗರಡಿ ಕೆಡವಿದಾಗ, ಹೊಸದಾಗಿ ತೆರೆದಿದ್ದ ಸಂಗ್ರಹಾಲಯದವರು ಅಲ್ಲಿಯ ಗದೆ, ಫೋಟೋಗಳು, ಎರಡು ಮಂಕರಿ ಮಟ್ಟಿ ಎಲ್ಲವನ್ನೂ ಮರ್ಯಾದೆಯಿಂದ ಕೇಳಿ ತೆಗೆದುಕೊಂಡು ಹೋಗಿದ್ದರು. ಎರಡು ವರ್ಷ ಅದು ಗಾಜಿನ ತೊಟ್ಟಿಯಲ್ಲಿತ್ತು. ಓಬಳಪ್ಪ ಭಾನುವಾರ ಭಾನುವಾರ ಹೋಗಿ ನೋಡಿಕೊಂಡು ಬರುತ್ತಿದ್ದರು. ಆಮೇಲೆ ಆ ಬೋರ್ಡು ಬಿತ್ತು.

ಈಗ ಯಶೋಧರಾಳ ಮಗಳು ಭಾಗ್ಯ ಹೊಸ ಗರಡಿ ತೆರೆಯಲು ಹೊರಟಿದ್ದಳು. ಭಾಗ್ಯ ಸ್ಟೇಡಿಯಮ್ಮಿನ ಮ್ಯಾಟಿನ ಮೇಲೆ ಕುಸ್ತಿ ಕಲಿತು ರಾಜ್ಯ ತಂಡದಲ್ಲಿ ಆಡಿದವಳು, ಈಗ ಶಾಲೆಯಲ್ಲಿ ಪಿ.ಟಿ. ಟೀಚರ್. ಸಮುದಾಯ ಭವನದ ಹಿಂದಿನ ಶೆಡ್ಡನ್ನು ಹೇಗೋ ಗಿಟ್ಟಿಸಿಕೊಂಡು, ಕೇರಿಯ ಹನ್ನೆರಡು ಹುಡುಗಿಯರನ್ನು ಸೇರಿಸಿದ್ದಳು. ವಿಜಯದಶಮಿಯ ದಿನ ಶುರು. ತಾತ ಉಸ್ತಾದ್ ಆಗಿ ಬರಬೇಕು ಅಂತ ಅವಳ ಹಟ. ತಾತ ಒಪ್ಪಿದರು, ಆದರೆ ಒಂದು ಮಾತಿನ ಮೇಲೆ.

“ಹಳೇ ಮಟ್ಟಿಯಿಂದ ಒಂದು ಹಿಡಿ ತಂದು ಬೆರೆಸ್ಬೇಕು. ಹೆಪ್ಪಿಲ್ದೆ ಮೊಸರಾಗುತ್ತಾ? ನಮ್ಮಪ್ಪ ಪೇಟೆಯ ದೊಡ್ಡ ಗರಡಿಯಿಂದ ತಂದು ನಮ್ಮ ಗರಡಿ ಶುರುಮಾಡಿದ್ದ. ಅದಿಲ್ದಿದ್ರೆ ಅದು ಬರೀ ಮಣ್ಣಿನ ಗುಂಡಿ. ನಾನು ಕಾಲಿಡಲ್ಲ.”

ಓಬಳಪ್ಪನವರಿಗೆ ಎಂಬತ್ತೊಂದು. ಕಾಲಿಡಲ್ಲ ಅಂದರೆ ಇಡಲ್ಲ. ಉಸ್ತಾದ್ ಕಾಲಿಡದ ಗರಡಿಗೆ ಮಕ್ಕಳನ್ನು ಕಳಿಸಲ್ಲ ಅಂತ ಆಗಲೇ ನಾಲ್ಕು ತಾಯಂದಿರು ರಾಗ ಎಳೆದಿದ್ದರು. ವಿಜಯದಶಮಿಗೆ ಇನ್ನು ಐದೇ ದಿನ.

ಸಂಗ್ರಹಾಲಯದ ಹಿಂಭಾಗದ ಕೋಣೆಯಲ್ಲಿ ಸಹಾಯಕ ನಿರ್ದೇಶಕ ಶಂಭುಲಿಂಗಪ್ಪ ಏಸಿ ಹಾಕಿಕೊಂಡು ಕೂತಿದ್ದ. ಅವನ ಬೆನ್ನ ಹಿಂದಿನ ಬೀರುವಿನಲ್ಲಿ ಯಾರು ಯಾರೋ ಗೆದ್ದ ಕಪ್ಪುಗಳು ಹಳೇ ಪೇಪರ್ ಸುತ್ತಿಕೊಂಡು ಕೂತಿದ್ದವು.

“ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ ಮೇಡಂ,” ಅಂದ.

“ಯಾರ ಪರಿಶೀಲನೇಲಿ?”

“ಮೇಲಿನವರ.”

ಯಶೋಧರಾ ಕತ್ತೆತ್ತಿ ನೋಡಿದಳು. “ಮೇಲೆ ಫ್ಯಾನಿದೆ ಸರ್. ಅದೂ ತಿರುಗ್ತಿಲ್ಲ.”

ಬಾಗಿಲಲ್ಲಿ ನಿಂತಿದ್ದ ಜವಾನ ಆಂಜಿನಯ್ಯ ಕೆಮ್ಮಿದ. ಶಂಭುಲಿಂಗಪ್ಪನಿಗೆ ನಗು ಬರಲಿಲ್ಲ. “ಐಟಮ್ಸ್ ಎಲ್ಲ ಪ್ಯಾಕ್ ಆಗಿ ಗೋಡೌನಲ್ಲಿವೆ. ಪಟ್ಟಿ ತಾಳೆ ನೋಡ್ದೆ ಏನೂ ಹೊರಗೆ ತೆಗೆಯಕ್ಕೆ ಬರಲ್ಲ. ಹಬ್ಬ ಮುಗೀಲಿ, ಬನ್ನಿ.”

“ನೋಡಿ ಸರ್, ನಾನೂ ಕೇಸ್ ವರ್ಕರ್ರೇ. ಹಬ್ಬ ಮುಗಿದ ಮೇಲೆ ಬನ್ನಿ ಅಂತ ನಾನೂ ಜನಕ್ಕೆ ಹೇಳಿದೀನಿ. ಅವರು ಬಂದಾಗ ನಾನೇ ರಜದಲ್ಲಿರ್ತಿದ್ದೆ. ನನ್ನ ಕಿವಿ ಮೇಲೆ ಹೂವಿಡಬೇಡಿ.” ಅವಳು ಎದುರಿನ ಕುರ್ಚಿ ಎಳೆದು ಕೂತು, ಬ್ಯಾಗಿನಿಂದ ಊಟದ ಡಬ್ಬಿ ತೆಗೆದು ಅವನ ಮೇಜಿನ ಮೇಲೆ ಇಟ್ಟಳು. “ಐದು ದಿನ ರಜಾ ಹಾಕಿದೀನಿ. ಮಧ್ಯಾಹ್ನದ ಊಟ ಇಲ್ಲೇ. ಸಂಜೆ ನೀವು ಬಾಗಿಲು ಹಾಕ್ಕೊಂಡು ಹೋಗಿ, ನಾನು ಒಳಗೇ ಇರ್ತೀನಿ.”

ಹುಳಿಯನ್ನದ ವಾಸನೆ ಏಸಿ ಕೋಣೆಯ ತುಂಬ ಹಬ್ಬಿತು. ಶಂಭುಲಿಂಗಪ್ಪ ಹತ್ತು ನಿಮಿಷ ತಡೆದುಕೊಂಡ. ಆಮೇಲೆ ಹೊರಗೆ ಹೋಗಿ ಆಂಜಿನಯ್ಯನ ಹತ್ತಿರ ಏನೋ ಪಿಸುಗುಟ್ಟಿ ಬಂದ. ಅರ್ಧ ಗಂಟೆಗೆ ಆಂಜಿನಯ್ಯ ಒಂದು ಪ್ಲಾಸ್ಟಿಕ್ ಕವರು ತಂದು ಅವಳ ಕೈಗೆ ಕೊಟ್ಟ. ಒಳಗೆ ಎರಡು ಹಿಡಿಯಷ್ಟು ಕೆಂಪು ಮಣ್ಣು. ಅವನು ಅವಳ ಮುಖ ನೋಡದೆ ಬೇಗ ಬೇಗ ನಡೆದುಬಿಟ್ಟ. ಅವಳಿಗೆ ಅದು ಆಗ ಹೊಳೆಯಲಿಲ್ಲ. ಎಂಟು ವರ್ಷ ಆಗದ ಕೆಲಸ ಒಂದು ಡಬ್ಬಿ ಅನ್ನಕ್ಕೆ ಆಯಿತಲ್ಲ ಅಂತ ಗೆದ್ದವಳ ಹಾಗೆ ಆಟೋ ಹತ್ತಿದಳು.

ಮನೆಯಲ್ಲಿ ಓಬಳಪ್ಪ ಕೈಕಾಲು ತೊಳೆದು ಕವರು ಬಿಚ್ಚಿದರು. ಮಣ್ಣನ್ನು ಅಂಗೈಗೆ ಹಾಕಿಕೊಂಡು ಮುಷ್ಟಿ ಕಟ್ಟಿ ಬಿಟ್ಟರು. ಮಣ್ಣು ಪುಡಿಪುಡಿಯಾಗಿ ಉದುರಿತು. ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿ ಥೂ ಅಂತ ಉಗಿದರು.

“ಮಟ್ಟಿ ಹಿಂಡಿದ್ರೆ ಬೆರಳ ಗುರುತು ನಿಲ್ಲುತ್ತೆ. ಇದು ಹೂಕುಂಡದ ಮಣ್ಣು. ಎರೆಹುಳದ ಗೊಬ್ಬರ ಹಾಕಿದಾರೆ, ನೋಡು ಇಲ್ಲಿ.” ಅವರು ಕವರನ್ನು ಅವಳ ಕಾಲ ಬಳಿ ಬಿಸಾಡಿದರು. “ಮೂವತ್ತು ವರ್ಷ ಆಫೀಸಲ್ಲಿ ಕೂತು ಇದೇನಾ ಕಲಿತಿದ್ದು? ಯಾವನೋ ಕೊಟ್ಟ, ಇವಳು ಇಸ್ಕೊಂಡು ಬಂದ್ಲು!”

“ತಾತ, ಅಮ್ಮನ ಮೇಲೆ ಯಾಕೆ ಕೂಗಾಡ್ತೀಯ? ಮೋಸ ಮಾಡ್ದೋರು ಅವರು,” ಅಂದಳು ಭಾಗ್ಯ.

ಯಶೋಧರಾ ಉದುರಿದ ಮಣ್ಣನ್ನು ಮತ್ತೆ ಕವರಿಗೆ ತುಂಬಿದಳು. ಅವಳ ಕಿವಿ ಬಿಸಿಯಾಗಿತ್ತು. ತನ್ನನ್ನು ಇಷ್ಟು ಸುಲಭಕ್ಕೆ ಯಾಮಾರಿಸಿದರಲ್ಲ, ಅದೂ ತನ್ನದೇ ಜಾತಿಯ ನೌಕರರು, ಫೈಲಿನ ಜಾತಿಯವರು. ರಾತ್ರಿಯೆಲ್ಲ ಹಲ್ಲು ಕಡಿದು ಕಡಿದು ಬೆಳಗ್ಗೆ ಅವಳಿಗೆ ದವಡೆ ನೋಯುತ್ತಿತ್ತು.

ಮರುದಿನ ಹತ್ತಕ್ಕೆ ಅವಳು ಮತ್ತೆ ಅಲ್ಲಿದ್ದಳು. ಈ ಸಲ ಓಬಳಪ್ಪನೂ ಬಂದಿದ್ದರು, ಬಿಳಿ ಪಂಚೆ, ಬಿಳಿ ಶರ್ಟು. ಕವರಿನ ಮಣ್ಣನ್ನು ಅವಳು ಶಂಭುಲಿಂಗಪ್ಪನ ಮೇಜಿನ ಮೇಲೆ, ಅವನ ಪೆನ್ನು, ಫೋನು, ಕಾಫಿ ಲೋಟದ ಮೇಲೆಲ್ಲ ಸುರಿದಳು.

“ನಿಮ್ಮ ಹೂಕುಂಡದ ಮಣ್ಣು. ಎಣಿಸ್ಕೊಳ್ಳಿ, ಎರೆಹುಳನೂ ಇದೆ. ನಮ್ಮ ಮಟ್ಟಿ ಎಲ್ಲಿ?”

ಶಂಭುಲಿಂಗಪ್ಪ ಎದ್ದು ನಿಂತ. ಅವನಿಗೂ ಸಿಟ್ಟು ನೆತ್ತಿಗೇರಿತ್ತು. “ಏನ್ರೀ ಇದು? ಒಂದು ಹಿಡಿ ಮಣ್ಣಿಗೆ ಇಷ್ಟೊಂದು ರಂಪ ಮಾಡ್ತೀರಲ್ಲ! ನಮ್ಮ ತಪ್ಪಿದ್ರೆ ತೋರಿಸಿ.” ಅವನು ಬೀರುವಿನಿಂದ ಒಂದು ಫೈಲು ಎಳೆದು, ದೂಳು ಕೊಡವಿ ಅವಳ ಮುಂದೆ ಬಿಚ್ಚಿಟ್ಟ. “ಇದು ನೀವೇ ಕೊಟ್ಟ ಪಟ್ಟಿ ತಾನೇ? ಓದಿ.”

ಅದು ಅವಳದೇ ಕೈಬರಹ. ಹತ್ತು ವರ್ಷದ ಹಿಂದೆ ಸಂಗ್ರಹಾಲಯದವರು ಕೊಟ್ಟ ಫಾರಮ್ಮನ್ನು ತುಂಬಿದ್ದು ಅವಳೇ. ಇಡೀ ಕೇರಿಯಲ್ಲಿ ಕಚೇರಿಯ ಬರವಣಿಗೆ ಬರುತ್ತಿದ್ದದ್ದು ಅವಳೊಬ್ಬಳಿಗೆ, ಆ ಜಂಬ ಆ ಉರುಟು ಅಕ್ಷರಗಳಲ್ಲೇ ಕಾಣುತ್ತಿತ್ತು. ಫಾರಮ್ಮಿನಲ್ಲಿ ಮೂರು ಕಾಲಂ ಇದ್ದವು. ‘ಪದಕ ಮತ್ತು ಪಾರಿತೋಷಕ’ದ ಕೆಳಗೆ ಬೆಳ್ಳಿಕಟ್ಟಿನ ಗದೆ. ‘ಛಾಯಾಚಿತ್ರ’ದ ಕೆಳಗೆ ಆರು ಫೋಟೋ. ‘ಇತರೆ’ ಅನ್ನುವ ಕಾಲಮ್ಮಿನ ಕೆಳಗೆ, ‘ಮಣ್ಣು, ಎರಡು ಮಂಕರಿ.’

“ರಿನೋವೇಶನ್ ಶುರುವಾದಾಗ ಕನ್ಸಲ್ಟೆಂಟ್ ಬಂದಿದ್ರು,” ಅಂದ ಶಂಭುಲಿಂಗಪ್ಪ, ಈಗ ಸ್ವಲ್ಪ ಸಮಾಧಾನದಲ್ಲಿ. “ಪದಕ ಮತ್ತೆ ಫೋಟೋ ಗೋಡೌನಿಗೆ, ಇತರೆ ಎಲ್ಲ ವಿಲೇವಾರಿ ಅಂತ ಆರ್ಡರ್ ಆಯ್ತು. ವಿಲೇವಾರಿ ಆಗಿದೆ.”

“ಎಲ್ಲಿಗೆ?”

ಬಾಯಿ ಬಿಟ್ಟವನು ಬಾಗಿಲಲ್ಲಿದ್ದ ಆಂಜಿನಯ್ಯ. “ಇಲ್ಲೇ ಇದೆ ಅಕ್ಕ. ಡಿಜಿಟಲ್ ಹಾಲಿನ ನೆಲ ತಗ್ಗಾಗಿತ್ತು. ಕಂಟ್ರಾಕ್ಟರು ಕಟ್ಟಡದ ಕಸದ ಜೊತೆ ಸೇರಿಸಿ ತುಂಬಿಬಿಟ್ಟ. ಮೇಲೆ ಟೈಲ್ಸ್ ಹಾಕಿದಾರೆ. ನಾನು ಬೇಡ ಅಂದೆ. ನನ್ನ ಮಾತು ಯಾರು ಕೇಳ್ತಾರೆ?”

ಓಬಳಪ್ಪ ಫೈಲನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದರು. “ಇತರೆ ಅಂತ ಬರೆದ್ಯಾ?” ಅಂದರು. “ನಮ್ಮಪ್ಪನ ಮಟ್ಟೀನ ಇತರೆ ಅಂತ ಬರೆದ್ಯಾ?”

ಯಶೋಧರಾಳಿಗೆ ಮೊದಲು ನಾಚಿಕೆಯಾಯಿತು, ಮುಖ ಎತ್ತಲಾರದಷ್ಟು. ಆಮೇಲೆ ಆ ನಾಚಿಕೆಯ ಅಡಿಯಿಂದ ಸಿಟ್ಟು ಎದ್ದಿತು. “ಮತ್ತೇನು ಬರೀಬೇಕಾಗಿತ್ತು? ಅದು ಏನು ಅಂತ ನಂಗೆ ಯಾವತ್ತಾದ್ರೂ ತೋರಿಸಿದ್ಯಾ? ಗರಡಿ ಬಾಗಿಲಿಗೆ ಮಜ್ಜಿಗೆ ಕೊಡ ತಂದಿಡು, ಅಲ್ಲೇ ನಿಂತ್ಕೋ, ಹೆಣ್ಣುಮಕ್ಕಳು ಒಳಗೆ ಬಂದ್ರೆ ಮಟ್ಟಿ ಮೈಲಿಗೆ ಆಗುತ್ತೆ. ನೀನೇ ಹೇಳಿದ್ದಲ್ವಾ? ಹನ್ನೆರಡು ವರ್ಷ ಮಜ್ಜಿಗೆ ಹೊತ್ತಿದೀನಿ. ಒಂದು ಸಲ ಬೆರಳಲ್ಲಿ ಮುಟ್ಟಿಲ್ಲ. ನಂಗೆ ಅದು ಮಣ್ಣೇ!”

ಅವಳು ಸರಸರನೆ ಹೊರಗೆ ಬಂದಳು. ಕೆಲಸದವರು ಯಾವ ಕಾಲದಲ್ಲೋ ಬಿಟ್ಟುಹೋದ ಹಾರೆಯೊಂದು ವರಾಂಡದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು. ಅದನ್ನು ಎತ್ತಿಕೊಂಡು ಡಿಜಿಟಲ್ ಹಾಲಿನ ಬಾಗಿಲು ತಳ್ಳಿದಳು. ಒಳಗೆ ಡಿಜಿಟಲ್ಲೂ ಇರಲಿಲ್ಲ, ಏನೂ ಇರಲಿಲ್ಲ. ಗೋಡೆಯಿಂದ ನಾಲ್ಕು ವೈರು ನೇತಾಡುತ್ತಿದ್ದವು. ನೆಲ ಮಾತ್ರ ಫಳಫಳ ಹೊಳೆಯುತ್ತಿತ್ತು. ಎಂಟು ವರ್ಷದಲ್ಲಿ ಒಬ್ಬ ಮನುಷ್ಯ ನಡೆದಾಡದ ನೆಲ ಹೊಳೆಯದೆ ಇನ್ನೇನು ಮಾಡುತ್ತದೆ?

“ಮೇಡಂ! ಅದು ಸರ್ಕಾರಿ ಆಸ್ತಿ! ಕಂಪ್ಲೇಂಟ್ ಕೊಡ್ತೀನಿ!” ಶಂಭುಲಿಂಗಪ್ಪ ಹಿಂದೆ ಓಡಿ ಬಂದ.

“ನೀವು ಬರೆಯೋಕೆ ಎಂಟು ವರ್ಷ ಬೇಕು. ನಾನೇ ಬರೆದುಕೊಡ್ತೀನಿ, ಸೀಲು ಹಾಕಿ ಒಂದು ಕಾಪಿ ನಂಗೆ ಕೊಡಿ. ಯಶೋಧರಾ ಕೋಂ ಲೇಟ್ ಸತೀಶ್, ಪ್ರಥಮ ದರ್ಜೆ ಸಹಾಯಕಿ, ಹಾರೆಯಿಂದ ಟೈಲ್ಸ್ ಒಡೆದಿರುತ್ತಾರೆ. ಯಾಕೆ ಒಡೆದಳು ಅಂತನೂ ಬರೀತೀನಿ. ನೀವು ಹೂಕುಂಡದ ಮಣ್ಣು ಕೊಟ್ಟಿದ್ದೂ ಬರೀತೀನಿ.”

ಬರೆದುಕೊಡುವ ಮಾತು ಬಂದದ್ದೇ ಶಂಭುಲಿಂಗಪ್ಪನ ಬಾಯಿ ಮುಚ್ಚಿತು. ಅವಳು ಹಾರೆ ಎತ್ತಿ ಕುಕ್ಕಿದಳು. ಮೊದಲ ಏಟಿಗೆ ಜಾರಿತು. ಎರಡನೆಯದಕ್ಕೆ ಟೈಲ್ಸು ಸೀಳಿತು. ಮೂರು, ನಾಲ್ಕು, ಐದು. ಭುಜ ಕಿತ್ತುಹೋಗುವಷ್ಟು ನೋವು, ಆದರೂ ಅವಳಿಗೆ ನಿಲ್ಲಿಸಬೇಕು ಅನಿಸಲಿಲ್ಲ. ಅಡಿಯ ಗಾರೆ ಒಡೆದು, ಅದರಡಿಯಿಂದ ಇಟ್ಟಿಗೆ ಚೂರು, ಒಡೆದ ಸ್ವಿಚ್ಚು, ಸಿಮೆಂಟ್ ಚೀಲದ ತುಂಡು, ನಡುನಡುವೆ ಕೆಂಪು ಬಣ್ಣ.

ಓಬಳಪ್ಪ ಮೊಣಕಾಲೂರಿ ಕೂತು ಒಂದು ಹಿಡಿ ತೆಗೆದು ಹಿಂಡಿದರು. ಕೈಗೆ ಸಿಮೆಂಟಿನ ಹರಳು ಚುಚ್ಚಿ ರಕ್ತ ಬಂತು. ಮೂಸಿದರು. ತಲೆ ಆಡಿಸಿದರು. “ಸತ್ತೋಗಿದೆ,” ಅಂದರು.

ಆಗ ಶಂಭುಲಿಂಗಪ್ಪ ಬಾಗಿಲಲ್ಲಿ ನಿಂತೇ, ಒಳ್ಳೆಯ ಮಾತು ಆಡುತ್ತಿದ್ದೇನೆ ಅಂದುಕೊಂಡು ಹೇಳಿದ: “ಯಜಮಾನ್ರೇ, ಮನಸ್ಸಿಗೆ ಹಚ್ಕೋಬೇಡಿ. ಎಲ್ಲಿಂದಾದ್ರೂ ಎರಡು ಮಂಕರಿ ಕೆಂಪು ಮಣ್ಣು ತರಿಸಿ. ನಾವು ಅದನ್ನೇ ಗಾಜಿನ ತೊಟ್ಟೀಲಿ ಇಟ್ಟು ನಿಮ್ಮ ತಂದೆಯವರ ಹೆಸರು ಹಾಕ್ತೀವಿ. ನಿಮ್ಮ ಹೊಸ ಗರಡಿಗೂ ಅದನ್ನೇ ಹಾಕ್ಕೊಳ್ಳಿ. ಯಾರಿಗೆ ಗೊತ್ತಾಗುತ್ತೆ?”

ಯಶೋಧರಾ ಹಾರೆಯನ್ನು ಮತ್ತೆ ಎತ್ತಿದಳು, ಈ ಸಲ ನೆಲಕ್ಕಲ್ಲ. ಆದರೆ ಓಬಳಪ್ಪ ಕೂತಲ್ಲಿಂದಲೇ, “ಬಿಡು. ಅವನು ಹೇಳೋದು ಸರಿ,” ಅಂದರು.

“ಏನು ಸರಿ?”

“ಯಾರಿಗೂ ಗೊತ್ತಾಗಲ್ಲ. ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ.” ಅವರು ಅಂಗೈಯ ರಕ್ತವನ್ನು ಪಂಚೆಗೆ ಒರೆಸಿಕೊಂಡರು. “ನಮ್ಮಪ್ಪ ಒಂದು ಹಿಡಿ ಮಟ್ಟಿಗೆ ಪೇಟೆಯ ಐದು ಗರಡಿ ಬಾಗಿಲಿಗೆ ಹೋಗಿದ್ದ. ನಮ್ಮೋರಿಗೆ ಯಾರೂ ಕೊಡಲಿಲ್ಲ. ದೊಡ್ಡ ಗರಡಿಯ ಉಸ್ತಾದ್, ಹೊರಗಡೆ ಪೈಲ್ವಾನರು ಕಾಲು ತೊಳೆಯೋ ಕಡೆ ಬಿದ್ದಿರುತ್ತಲ್ಲ, ಅದನ್ನ ಬಾಚ್ಕೊಂಡು ಹೋಗು ಅಂದ್ನಂತೆ.”

“ತಾತ ಬಾಚ್ಕೊಂಡ್ರಾ?” ಅಂದಳು ಯಶೋಧರಾ.

“ನಮ್ಮಪ್ಪನಾ? ಉಗಿದು ಬಂದ. ಇಟ್ಟಿಗೆ ಗೂಡಿನಿಂದ ಎರಡು ಗಾಡಿ ಹಸಿ ಮಣ್ಣು ಹೊಡೆಸಿದ. ದೊಡ್ಡ ಗರಡಿ ಮಟ್ಟಿ ತಂದು ಬೆರೆಸಿದೀನಿ ಅಂತ ಕೇರಿಗೆಲ್ಲ ಹೇಳಿದ. ಸಾಯೋ ಮುಂಚೆ ನಂಗೊಬ್ಬನಿಗೆ ನಿಜ ಹೇಳಿದ. ನಾನೂ ಆ ಸುಳ್ಳನ್ನೇ ಹೇಳ್ಕೊಂಡು ಬಂದೆ. ಹೇಳಿ ಹೇಳಿ ನಂಗೂ ಅದೇ ನಿಜ ಅನಿಸ್ಬಿಟ್ಟಿತ್ತು.”

ಆಂಜಿನಯ್ಯ ತಲೆ ತಗ್ಗಿಸಿದ. ಶಂಭುಲಿಂಗಪ್ಪ ಫೋನು ನೋಡತೊಡಗಿದ. ಯಶೋಧರಾಳ ಕೈಯಿಂದ ಹಾರೆ ಜಾರಿ ಟೈಲ್ಸಿನ ಮೇಲೆ ಬಿದ್ದು ಅಲ್ಲಿ ಇನ್ನೊಂದು ಬಿರುಕು ಮೂಡಿತು. ಐದು ಬಾಗಿಲಲ್ಲಿ ಕೈಯೊಡ್ಡಿ ನಿಂತ ತಾತನನ್ನು ಅವಳು ನೆನೆದಳು. ಆಮೇಲೆ ಎದುರಿಗೆ ಕೂತ ಅಪ್ಪನನ್ನು ನೋಡಿದಳು.

“ಒಳಗೆ ಬಿಡಲಿಲ್ಲ ಅಂತ ತಾತ ಗರಡಿ ಕಟ್ಟಿದ,” ಅಂದಳು. ಅವಳ ದನಿ ಈಗ ಏರಿರಲಿಲ್ಲ, ಅದಕ್ಕೇ ಓಬಳಪ್ಪನಿಗೆ ಹೆದರಿಕೆಯಾಯಿತು. “ಆ ಗರಡಿ ಬಾಗಿಲಲ್ಲಿ ನೀನು ನನ್ನನ್ನ ನಿಲ್ಲಿಸಿದೆ. ಮೈಲಿಗೆ ಅಂದೆ. ಆ ಮಾತು ನಿನ್ನ ಬಾಯಲ್ಲಿ ಹೆಂಗೆ ಬಂತು? ನಮ್ಮ ಮನೇಲಿ ಹುಟ್ಟಿದ ನಿನ್ನ ಬಾಯಲ್ಲಿ?”

ಆಟೋದಲ್ಲಿ ಇಬ್ಬರೂ ಎರಡು ಅಂಚಿಗೆ ಕೂತು ಚಾಮರಾಜಪೇಟೆಗೆ ಬಂದರು.

ಮಾರನೆಯ ದಿನ ಆಂಜಿನಯ್ಯ ಫೋನು ಮಾಡಿದ. ಸಂಗ್ರಹಾಲಯದ ಗೇಟಿಗೆ ಹೊಸ ಬೋರ್ಡು ಬಿದ್ದಿತ್ತಂತೆ. ‘ನೆಲಹಾಸಿನ ದುರಸ್ತಿ ಪ್ರಯುಕ್ತ ಇನ್ನೂ ಆರು ತಿಂಗಳು.’ ಒಡೆದದ್ದು ಎರಡೂವರೆ ಟೈಲ್ಸು. ಯಶೋಧರಾ ಫೋನಿನಲ್ಲಿ ಆ ಶಂಭುಲಿಂಗಪ್ಪನಿಗೆ ತಲುಪುವಂತೆ ನಾಲ್ಕು ಮಾತು ಬೈದಳು. ಆಮೇಲೆ ಇಟ್ಟಿಗೆ ಗೂಡಿನವನ ನಂಬರು ಹುಡುಕಿ, ಒಂದು ಟ್ರ್ಯಾಕ್ಟರ್ ಹಸಿ ಕೆಂಪು ಮಣ್ಣು ಬೇಕು ಅಂದಳು.

ಮಣ್ಣು ಬಂತು. ಮಗಳೂ ತಾಯಿಯೂ ಮೂರು ದಿನ ಜರಡಿ ಹಿಡಿದರು. ಮಜ್ಜಿಗೆ, ಎಳ್ಳೆಣ್ಣೆ, ಅರಿಶಿನ ಬೆರೆಸಿದರು. ಭಾಗ್ಯ ಕೇರಿಯ ತಾಯಂದಿರನ್ನೆಲ್ಲ ಕರೆದು ನಡೆದದ್ದನ್ನು ಇದ್ದ ಹಾಗೆ ಹೇಳಿದಳು, ಐದು ಬಾಗಿಲಿನ ಕತೆಯನ್ನೂ ಬಿಡದೆ. ರಾಗ ಎಳೆದಿದ್ದ ನಾಲ್ವರಲ್ಲಿ ಮೂವರು ಸೆರಗು ಕಟ್ಟಿ ಮಣ್ಣು ತುಳಿಯಲು ಬಂದರು. ಓಬಳಪ್ಪ ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಯಾರೂ ಅವರನ್ನು ಏನೂ ಕೇಳಲಿಲ್ಲ.

ವಿಜಯದಶಮಿಯ ಬೆಳಗ್ಗೆ ಹನ್ನೆರಡು ಹುಡುಗಿಯರು ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಶೆಡ್ಡಿನ ಮುಂದೆ ಸಾಲು ನಿಂತರು. ಓಬಳಪ್ಪ ಸ್ನಾನ ಮಾಡಿ, ಹೊಸ ಪಂಚೆ ಉಟ್ಟು, ಚಪ್ಪಲಿ ಬಿಟ್ಟು ಬಾಗಿಲಿಗೆ ಬಂದರು. ಉಸ್ತಾದ್ ಮೊದಲು ಇಳಿದು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು, ಆಮೇಲೆ ಉಳಿದವರು. ಅದು ಪದ್ಧತಿ.

ಯಶೋಧರಾ ಅವರ ಮುಂದೆ ಬಂದು ನಿಂತಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೆನ್ನು ತಿರುಗಿಸಿ ಒಳಗೆ ಇಳಿದಳು. ಐವತ್ತಾರು ವರ್ಷದ ಕಾಲು, ಒಡೆದ ಹಿಮ್ಮಡಿ. ಮಣ್ಣು ತಣ್ಣಗಿತ್ತು, ಪಾದ ಹುಗಿಯುವಷ್ಟು ಮೆತ್ತಗಿತ್ತು. ಇಷ್ಟೇನಾ ಅನಿಸಿತು ಅವಳಿಗೆ. ಇಷ್ಟಕ್ಕೇನಾ ಕೊಡ ಹೊತ್ತು ಹೊರಗೆ ನಿಂತದ್ದು? ಹುಡುಗಿಯಾಗಿದ್ದಾಗ ಒಳಗಿನ ತೊಡೆ ತಟ್ಟುವ ಸದ್ದು ಕೇಳಿ ತನ್ನ ಕಾಲೂ ಕುಣಿಯುತ್ತಿದ್ದದ್ದು ನೆನಪಾಗಿ, ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು.

“ಬನ್ರೇ ಒಳಗೆ,” ಅಂದಳು. ಹುಡುಗಿಯರು ಧುಮುಕಿದರು. ಭಾಗ್ಯ ಇಬ್ಬರನ್ನು ಜೋಡಿ ಮಾಡಿ ನಿಲ್ಲಿಸಿದಳು.

ಓಬಳಪ್ಪ ಹೊಸ್ತಿಲಾಚೆ ನಿಂತೇ ಇದ್ದರು. ಒಳಗೆ ಒಬ್ಬ ಹುಡುಗಿ ಕಾಲು ತಪ್ಪಾಗಿ ಇಟ್ಟದ್ದು ಕಂಡು, “ಬಲಗಾಲು ಹಿಂದಕ್ಕೆ ತಗೊಳ್ಳೇ” ಅಂತ ಕೂಗಿ, ತಕ್ಷಣ ನಾಲಿಗೆ ಕಚ್ಚಿಕೊಂಡರು. ಅವರ ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಆ ವಯಸ್ಸಿನವರೆಗೆ ಅವರು ಯಾವ ಗರಡಿಯ ಬಾಗಿಲಲ್ಲೂ ಹೀಗೆ ಕಾದವರಲ್ಲ.

“ನಾನು ಬರ್ಲಾ, ಯಶೋಧರಾ?” ಅಂತ ಕೇಳಿದರು.

ಹುಡುಗಿಯರು ತಿರುಗಿ ನೋಡಿದರು. ಭಾಗ್ಯ ಅಮ್ಮನ ಮುಖ ನೋಡಿದಳು. ಯಶೋಧರಾ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಹಿಂಡಿದಳು. ಬೆರಳ ಗುರುತು ಇನ್ನೂ ಸರಿಯಾಗಿ ನಿಲ್ಲುತ್ತಿರಲಿಲ್ಲ.

“ಇವತ್ತು ಬೇಡ ಅಪ್ಪ,” ಅಂದಳು. “ಇವತ್ತು ಅಲ್ಲೇ ನಿಂತ್ಕೋ.”